ಹಳೇ ಡೀಸೆಲ್ ಗಾಡಿ ಮಿಸ್ ಹೊಡೆದರೆ ಮೊದಲೇ ಪಂಪ್ ಬಿಚ್ಚಿಸಬೇಡಿ

ತೀರ್ಥಹಳ್ಳಿ, ಹೊಸನಗರ ಕಡೆ ಇನ್ನೂ ಓಡುತ್ತಿರುವ ಹಳೇ ಅಂಬಾಸಿಡರ್, ಜೀಪುಗಳು ಸ್ಲೋದಲ್ಲಿ (ಆಕ್ಸಿಲರೇಟರ್ ಒತ್ತದೆ) ನಿಂತಾಗ ಮೈಯೆಲ್ಲ ನಡುಗಿಸಿಕೊಂಡು, ಘಾಟಿಯಲ್ಲಿ ಎಳೆಯದಿದ್ದರೆ ಗ್ಯಾರೇಜಿನಲ್ಲಿ ಬರುವ ಮೊದಲ ಮಾತು 'ಪಂಪ್ ಕೆಲಸ', ಅಂದರೆ ಸಿಲಿಂಡರುಗಳಿಗೆ ಒತ್ತಡದಲ್ಲಿ ಡೀಸೆಲ್ ತಳ್ಳುವ ಪಂಪಿನ ರಿಪೇರಿ. ಅದು ದೊಡ್ಡ ಖರ್ಚು, ಎಷ್ಟೋ ಸಲ ದಂಡದ ಖರ್ಚು.

ಮಿಸ್ (ಸಿಲಿಂಡರಿನಲ್ಲಿ ಡೀಸೆಲ್ ಸರಿಯಾಗಿ ಉರಿಯದೆ ಇಂಜಿನ್ ಕುಂಟುವುದು) ಯಾವಾಗ ಅನ್ನೋದನ್ನು ಮೊದಲು ನೋಡಿ. ಚಳಿಗಾಲದ ಬೆಳಿಗ್ಗೆ ಕಣ್ಣುರಿಸುವ ಬಿಳಿ ಹೊಗೆ ಬಂದು, ಇಂಜಿನ್ ಬಿಸಿಯಾದ ಮೇಲೆ ಸರಿಹೋದರೆ ಹೀಟರ್ ಪ್ಲಗ್ (ತಣ್ಣನೆ ಇಂಜಿನ್ ಸ್ಟಾರ್ಟ್ ಆಗಲು ಒಳಗೆ ಬಿಸಿ ಮಾಡುವ ಪ್ಲಗ್) ಮೇಲೆ ಅನುಮಾನ. ವೈರ್ ಬಿಚ್ಚಿ ಮಲ್ಟಿಮೀಟರ್ ಇಡಿ: ಒಳ್ಳೆಯದು ಸುಮಾರು 1 ಓಮ್ ಇಲ್ಲವೇ ಅದಕ್ಕೂ ಕಡಿಮೆ ತೋರಿಸುತ್ತದೆ, ಸುಟ್ಟಿದ್ದು ಏನೂ ತೋರಿಸುವುದಿಲ್ಲ. ಮಿಸ್ಸಿಗೆ ಲಯವೇ ಇಲ್ಲದೆ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಡೀಸೆಲ್ ಲೈನಿನಲ್ಲಿ ಏರ್ ಅಥವಾ ನೀರು. ಡೀಸೆಲ್ ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ನಮ್ಮ ಮಳೆಗಾಲದಲ್ಲಿ ಅರ್ಧ ಟ್ಯಾಂಕಿನಲ್ಲಿ ವಾರಗಟ್ಟಲೆ ನಿಂತ ಗಾಡಿಯಲ್ಲಿ ಇದು ಮಾಮೂಲು.

ಒಂದೇ ಲಯದಲ್ಲಿ ಬಿಡದೆ ಮಿಸ್ ಹೊಡೆಯುತ್ತಿದ್ದರೆ ಯಾವುದೋ ಒಂದು ಸಿಲಿಂಡರ್ ಸತ್ತಿದೆ. ಇಂಜಿನ್ ಸ್ಲೋದಲ್ಲಿರಲಿ. ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ತಲೆಯ ಪೈಪ್ ನಟ್ಟಿಗೆ (ಹೆಚ್ಚಾಗಿ 17ರ ಪಾನ) ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ. ಡೀಸೆಲ್ ಚಿಮ್ಮಿ ಇಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ಚೆನ್ನಾಗಿದೆ. ಬಿಗಿ ಮಾಡಿ ಮುಂದಿನದಕ್ಕೆ ಹೋಗಿ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಟಕಟಕ ಬಡಿತ ನಿಂತರೆ ನಾಝಲ್ (ಇಂಜೆಕ್ಟರಿನ ಚಿಮ್ಮುವ ತುದಿ) ಅಂಟಿಕೊಂಡಿದೆ. ಕನ್ನಡಕ ಹಾಕಿಕೊಳ್ಳಿ, ಚಿಮ್ಮುವ ಜಾಗಕ್ಕೆ ಬೆರಳು ಒಡ್ಡಬೇಡಿ: ಆ ಒತ್ತಡದ ಡೀಸೆಲ್ ಚರ್ಮದೊಳಗೇ ಹೊಕ್ಕುತ್ತದೆ. ಕಾಮನ್ ರೈಲ್ ಗಾಡಿಯಲ್ಲಂತೂ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಹೊಸ ಇಂಜಿನ್) ಈ ಪರೀಕ್ಷೆ ಮಾಡಲೇಬಾರದು. ಅಲ್ಲಿ ಒತ್ತಡ 1000 ಬಾರ್ ದಾಟಬಲ್ಲದು.

ಸಡಿಲಿಸಿದ ನಟ್ಟಿನಿಂದ ಡೀಸೆಲ್ಲೇ ಬರದಿದ್ದರೆ ಆಗ ಪಂಪ್ ಮಾತಾಡಿ. ಆ ಲೈನಿನ ಡೆಲಿವರಿ ವಾಲ್ವ್ (ಪಂಪಿನಿಂದ ಆ ಪೈಪಿಗೆ ಡೀಸೆಲ್ ಬಿಡುವ ವಾಲ್ವ್) ನೋಡಿಸಿ. ಡೀಸೆಲ್ ಚೆನ್ನಾಗಿ ಬರುತ್ತಿದ್ದರೆ ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಅದಲು ಬದಲು ಮಾಡಿ. ತಾಮ್ರದ ವಾಷರ್ ಹೊಸದೇ ಹಾಕಬೇಕು, ಹಳೇದರಲ್ಲಿ ಗ್ಯಾಸ್ ಸೋರಿ ಇನ್ನೊಂದು ತಲೆನೋವು. ಮಿಸ್ ಇಂಜೆಕ್ಟರ್ ಜೊತೆಗೇ ಹೋದರೆ ನಾಝಲ್ ಟೆಸ್ಟಿಗೆ ಕೊಡಿ: ಮಂಜಿನ ಹಾಗೆ ಚಿಮ್ಮಬೇಕು, ತುದಿಯಲ್ಲಿ ಹನಿ ನಿಲ್ಲಬಾರದು.

ಮಿಸ್ ಹಳೇ ಜಾಗದಲ್ಲೇ ಉಳಿದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವ ಭಾಗದ ಸಂದು) ನೋಡಿ, ಆಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಕುಗ್ಗಿದಾಗಿನ ಒತ್ತಡ). ಪೆಟ್ರೋಲ್ ಗಾಡಿಯ ಗೇಜ್ ಇಲ್ಲಿ ನಡೆಯದು. ಇಂಥ ಹಳೇ ಇಂಜಿನ್ನಿಗೆ 25ರಿಂದ 30 ಬಾರ್ ಬಂದರೆ ಚಿಂತೆಯಿಲ್ಲ. ಒಂದು ಮಾತ್ರ ಉಳಿದವುಗಳಿಗಿಂತ 5 ಬಾರಿಗೂ ಹೆಚ್ಚು ಕೆಳಗಿದ್ದರೆ ರೋಗ ಒಳಗಿದೆ. ಆ ಸಿಲಿಂಡರಿಗೆ ಅರ್ಧ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ, ಹೆಚ್ಚು ಬೇಡ; ಆಯಿಲ್ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗೀತು. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್; ಇಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಹೆಚ್ಚಾಗಿ ಗ್ಯಾಸ್ಕೆಟ್ಟೇ. ರೇಡಿಯೇಟರ್ ಮುಚ್ಚಳ ಮಾತ್ರ ಇಂಜಿನ್ ತಣ್ಣಗಿರುವಾಗಲೇ ತೆಗೆದಿಡಿ.