ಅರಬ್ಬಿ ಬಾರದವಳಿಗೆ ಅಲ್ಲೇನು ಕೆಲಸ?

ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಪರಿಚಯವಾಗುವ ಕನ್ನಡಿಗರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ಹೊನ್ನಾವರದಿಂದ ಫೋನ್ ಮಾಡುವ ಅಣ್ಣನಂತೂ ಕೇಳುತ್ತಲೇ ಇರುತ್ತಾನೆ: "ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು ನೀನು. ಅರಬ್ಬಿ ಬಾರದು. ವಿಶ್ವವಿದ್ಯಾಲಯದ ಆ ಅರಬ್ ಮತ್ತು ಇಸ್ಲಾಮಿಕ್ ಅಧ್ಯಯನ ಸಂಸ್ಥೆಯ ಉಪನ್ಯಾಸಗಳಿಗೆ ಯಾಕೆ ಹೋಗುತ್ತೀಯ?"

ಅಣ್ಣಾ, ಅಲ್ಲಿ ನಡೆಯುವುದು ಪ್ರವಚನವಲ್ಲ. ಒಂದು ವಾರ ಕುರ್ದಿ ಭಾಷೆ, ಇನ್ನೊಂದು ವಾರ ಪ್ಯಾಲೆಸ್ತೀನಿನ ಇತಿಹಾಸ, ಮತ್ತೊಮ್ಮೆ ಮಧ್ಯಯುಗದ ನ್ಯಾಯಶಾಸ್ತ್ರ. ಸಾರ್ವಜನಿಕ ಉಪನ್ಯಾಸ ಎಂದ ಮೇಲೆ ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದು, ಪ್ರಶ್ನೆ ಕೇಳಬಹುದು. ನಾನು ಮೊದಲ ಸಲ ಹೋದದ್ದು ಮಳೆಗೆ ಸಿಕ್ಕಿ. ಆಮೇಲೆ ಹೋದದ್ದು ನಮ್ಮ ಊರಿಗಾಗಿ.

ಹೌದು, ನಮ್ಮ ಊರಿಗಾಗಿಯೇ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ 'ಹಿನೌರ್' ಎಂದು ಬರೆದದ್ದು ಹೊನ್ನಾವರವನ್ನು. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆ ಎನ್ನುತ್ತಾನೆ. ಶರಾವತಿಯ ದಡದಲ್ಲೇ ಶಾಲೆಗೆ ಹೋದ ನನಗೆ ಯಾವ ಮೇಷ್ಟರೂ ಇದನ್ನು ಹೇಳಿರಲಿಲ್ಲ. ಆ ಸಂಖ್ಯೆ ಕಿವಿಗೆ ಬಿದ್ದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಮಾತುಗಳ ಕಥೆಯೂ ಅಷ್ಟೇ. ನಾವು ದಿನವೂ ಬಳಸುವ ವಕೀಲ, ಹಾಜರು, ವಸೂಲಿ, ಕಾಯಿದೆ ಎಲ್ಲವೂ ಅರಬ್ಬಿಯಿಂದ ಪಾರಸಿಯ ದಾರಿ ಹಿಡಿದು ಬಂದವು. 'ಜಿಲ್ಲೆ'ಯ ಮೂಲ ಪದಕ್ಕೆ ಪಕ್ಕೆಲುಬು ಎಂಬ ಅರ್ಥ! ಅದು ತಿಳಿದ ಮೇಲೆ ಉತ್ತರ ಕನ್ನಡ ಜಿಲ್ಲೆಯ ನಕ್ಷೆ ನೋಡಿದಾಗಲೆಲ್ಲ ಕರಾವಳಿಗುಂಟ ಬಾಗಿದ ಒಂದು ಎಲುಬೇ ಕಾಣುತ್ತದೆ.

ಈ ಸಂಸ್ಥೆಗೆ ಕಟ್ಟಡ ಕೊಟ್ಟ ಶಾರ್ಜಾದ ದೊರೆ ಶೇಖ್ ಸುಲ್ತಾನ್ ಅಲ್ ಖಾಸಿಮಿ 1985ರಲ್ಲಿ ಇದೇ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ತಮ್ಮ ಪೂರ್ವಿಕರನ್ನು ಈಸ್ಟ್ ಇಂಡಿಯಾ ಕಂಪನಿ ಕಡಲ್ಗಳ್ಳರೆಂದು ಕರೆದದ್ದು ಸುಳ್ಳು ಎಂದು ವಾದಿಸಲು ಅವರು ಮುಂಬಯಿಯ ದಫ್ತರಗಳನ್ನೇ ಜಾಲಾಡಿದರು. ಕಂಪನಿಯ ಆರೋಪಕ್ಕೆ ಕಂಪನಿಯದೇ ಕಾಗದಪತ್ರಗಳಿಂದ ಉತ್ತರ ಹುಡುಕಿದ ಆ ಛಲ ನನಗೆ ತುಂಬಾ ಇಷ್ಟ.

ಆದರೆ ನನಗೆ ಉಪನ್ಯಾಸಕ್ಕಿಂತ ಸೆಮಿನಾರ್ ಹೆಚ್ಚು ಪ್ರಿಯ. ಹತ್ತು ಹನ್ನೆರಡು ಜನ ಮೇಜಿನ ಸುತ್ತ ಕೂರುತ್ತಾರೆ. ಸಂಶೋಧನಾ ವಿದ್ಯಾರ್ಥಿ ಇನ್ನೂ ಹಸಿಯಾಗಿರುವ ಅಧ್ಯಾಯವನ್ನು ಮುಂದಿಡುತ್ತಾನೆ. ಎಲ್ಲರೂ ಸೇರಿ ಅದನ್ನು ಬಿಡಿಸಿ ನೋಡುತ್ತಾರೆ. ಒಮ್ಮೆ ಮಾತು ಅಬ್ರಹಾಂ ಬೆನ್ ಯಿಜುವಿನ ಕಡೆ ತಿರುಗಿತು. 1132ರ ಸುಮಾರಿಗೆ ಮಂಗಳೂರಿಗೆ ಬಂದು ಹದಿನೇಳು ವರ್ಷ ವ್ಯಾಪಾರ ಮಾಡಿದ ಯಹೂದಿ ವರ್ತಕ ಅವನು. ಮಂಗಳೂರಿನಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಯೆಮನ್‌ನ ಏಡನ್ ಬಂದರಿನಿಂದ ಕಾಗದ, ಸಕ್ಕರೆ ಬರುತ್ತಿತ್ತು. ಹೀಬ್ರೂ ಲಿಪಿಯಲ್ಲಿ ಬರೆದ ಅವನ ವ್ಯಾಪಾರದ ಅರಬ್ಬಿ ಪತ್ರಗಳು ಕೈರೋದಲ್ಲಿ ಸಿಕ್ಕವು. ಅವುಗಳಲ್ಲಿ ಅವನ ಆಳು, ವ್ಯಾಪಾರದ ನಂಬಿಗಸ್ತ ಒಬ್ಬನ ಹೆಸರಿದೆ: ಬ, ಮ, ಹ, ಮೂರೇ ವ್ಯಂಜನ. ಏಡನ್‌ನ ವರ್ತಕರು ಅವನಿಗೂ ವಂದನೆ ತಿಳಿಸಿದ್ದಾರೆ. ವಿದ್ವಾಂಸರು ಆ ಹೆಸರನ್ನು 'ಬೊಮ್ಮ' ಎಂದು ಓದಿದ್ದಾರೆ.

"ಇದು ಯಾವ ಬಗೆಯ ಹೆಸರು?" ಎಂದು ಯಾರೋ ಕೇಳಿದರು. ಅರಬ್ಬಿ ಬಲ್ಲವರೆಲ್ಲ ಸುಮ್ಮನಿದ್ದರು. ನಾನು ಬಾಯಿಬಿಟ್ಟೆ. ಬ್ರಹ್ಮ ನಮ್ಮ ನಾಲಿಗೆಯಲ್ಲಿ ಬೊಮ್ಮನಾದದ್ದನ್ನು ಹೇಳಿದೆ. ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯ ಎಂಬ ಶರಣನಿದ್ದ ಎಂದೆ. ಆ ವಿದ್ಯಾರ್ಥಿ ತನ್ನ ಹಾಳೆಯನ್ನು ನನ್ನತ್ತ ಸರಿಸಿ, ಕನ್ನಡದಲ್ಲಿ ಬರೆದುಕೊಡಿ ಎಂದ. ಹೀಬ್ರೂ ಅಕ್ಷರಗಳ ಪಕ್ಕದಲ್ಲಿ 'ಬೊಮ್ಮ' ಎಂದು ದುಂಡಗೆ ಬರೆದೆ.