ಡೇಟ್ ಮುಗಿದ ಕಾರ್ಡ್ ಹಿಡಿದು ಬೆಂಗಳೂರಿನಿಂದ ಹೊರಟಾಗ

ಎರಡೇ ವರ್ಷಕ್ಕೆ ಮುಗಿಯುವ ಅಮೆರಿಕದ ಗ್ರೀನ್ ಕಾರ್ಡ್ ಇದೆ ಅಂತ ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. "ಗ್ರೀನ್ ಕಾರ್ಡ್ ಅಂದ್ರೆ ಅಲ್ಲೇ ಕಾಯಂ ಅಲ್ವಾ?" ಅಂತ ಕೇಳುತ್ತಾರೆ. ಹತ್ತು ವರ್ಷದ ಕಾರ್ಡ್ ಇದ್ದವರಿಗೆ ಆ ಮಾತು ಸರಿ. ನನಗೆ ಸಿಕ್ಕಿದ್ದು ಷರತ್ತಿನ ಕಾರ್ಡ್. ಅದರ ಮೇಲೆ ಸಿಆರ್-1 ಅಂತ ಅಚ್ಚಾಗಿರುತ್ತದೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನ ಅಥವಾ ಹೆಂಡತಿಯ ಕಡೆಯಿಂದ ಅಮೆರಿಕಕ್ಕೆ ಕಾಲಿಟ್ಟವರಿಗೆ ಕೊಡುವಂಥದ್ದು. ಕಾರ್ಡಿಗೋಸ್ಕರ ಸುಳ್ಳು ಮದುವೆ ಆಗುವವರನ್ನು ತಡೆಯಲು 1986ರಲ್ಲಿ ಈ ಕಾನೂನು ಬಂತು. ಎರಡು ವರ್ಷದ ಕೊನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಬೇಕು, ನಾವಿನ್ನೂ ಜೊತೆಯಲ್ಲೇ ಇದ್ದೇವೆ ಅಂತ.

ನಮ್ಮ ಮದುವೆ ಆಗಿದ್ದು 2021ರ ಫೆಬ್ರವರಿಯಲ್ಲಿ. ಕೋವಿಡ್ ಕಾಲ, ಕಾಗದಪತ್ರ ಎಲ್ಲ ಆಮೆ ನಡಿಗೆ. ಮುಂಬೈಯಲ್ಲಿ ಮೆಡಿಕಲ್, ಮುಂಬೈಯಲ್ಲೇ ಇಂಟರ್‌ವ್ಯೂ. ಎಲ್ಲ ಮುಗಿಸಿ ನಾರ್ತ್ ಕೆರೋಲಿನಾದ ಕೇರಿ ಅನ್ನುವ ಊರಿಗೆ ಬಂದಾಗ 2022ರ ಡಿಸೆಂಬರ್. ಇನ್ನೆರಡು ತಿಂಗಳು ತಡವಾಗಿ ಬಂದಿದ್ದರೆ ಮದುವೆಗೆ ಎರಡು ವರ್ಷ ತುಂಬಿರುತ್ತಿತ್ತು, ಹತ್ತು ವರ್ಷದ ಕಾರ್ಡೇ ಕೈಗೆ ಬರುತ್ತಿತ್ತು. ಇದನ್ನು ಮುಂಚೆಯೇ ಯಾರಾದರೂ ಹೇಳಿದ್ದರೂ ನಾನು ಕಾಯುತ್ತಿರಲಿಲ್ಲ ಬಿಡಿ. ಮದುವೆಯಾಗಿ ಅಷ್ಟು ಕಾಲ ವಾಟ್ಸಾಪ್‌ನಲ್ಲಿ ಸಂಸಾರ ಮಾಡಿದವರು ಇನ್ನೂ ಎರಡು ತಿಂಗಳು ಸುಮ್ನೆ ಕೂರುತ್ತಾರಾ?

ತಮ್ಮನ ಮದುವೆ ಗೊತ್ತಾಗಿದ್ದು 2024ರಲ್ಲಿ. ಸಾಗರದ ಪುರೋಹಿತರು ಹುಡುಗ ಹುಡುಗಿಯ ಜಾತಕ ನೋಡಿ ನವೆಂಬರ್ ಕೊನೆಯಲ್ಲಿ ಮುಹೂರ್ತ ಇಟ್ಟರು. ನನ್ನ ಕಾರ್ಡಿನ ತಾರೀಖನ್ನು ಅವರಿಗೆ ಯಾರೂ ಹೇಳಲಿಲ್ಲ. ಅದು ಮುಗಿಯುವುದು ಡಿಸೆಂಬರ್ ಮೊದಲ ವಾರದಲ್ಲಿ. ಅಂದರೆ ಹೋಗುವಾಗ ಜೀವ ಇರುವ ಕಾರ್ಡ್, ಬರುವಾಗ ಡೇಟ್ ಮುಗಿದ ಕಾರ್ಡ್.

ಷರತ್ತು ತೆಗೆಸುವ ಅರ್ಜಿಗೆ ಐ-751 ಅಂತ ಹೆಸರು. ಕಾರ್ಡ್ ಮುಗಿಯುವ ದಿನಕ್ಕೆ ಹಿಂದಿನ 90 ದಿನಗಳ ಒಳಗೇ ಅದನ್ನು ಕಳಿಸಬೇಕು. ಮೊದಲೇ ಕಳಿಸಿದರೆ ವಾಪಸ್ ಬರುತ್ತದೆ, ತಡವಾದರೆ ಇರುವ ಹಕ್ಕಿಗೇ ಕುತ್ತು. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಆ ಬಾಗಿಲು ತೆರೆಯುವುದಕ್ಕೂ ನಾವು ಲಕೋಟೆ ಹಿಡಿದು ನಿಂತಿರುವುದಕ್ಕೂ ಸರಿಹೋಗಬೇಕಿತ್ತು. ಫೀಸು ಅದೇ ವರ್ಷದ ಏಪ್ರಿಲ್‌ನಲ್ಲಿ ಏರಿ 750 ಡಾಲರ್ ಆಗಿತ್ತು. ದುಡ್ಡಿಗಿಂತ ಕಷ್ಟ ಆಗಿದ್ದು ಸಾಕ್ಷಿ ಒಟ್ಟು ಮಾಡುವುದು. ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ಕಾರಿನ ಇನ್ಶೂರೆನ್ಸ್, ಒಟ್ಟಿಗೆ ಸಲ್ಲಿಸಿದ ತೆರಿಗೆ ಲೆಕ್ಕ, ನಮ್ಮನ್ನು ಬಲ್ಲ ಸ್ನೇಹಿತರು ಬರೆದುಕೊಟ್ಟ ಪತ್ರ, ಫೋಟೋ. ಫೋಟೋ ಆರಿಸುವಾಗ ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು. ಒಂದರಲ್ಲೂ ಇಬ್ಬರೂ ಒಟ್ಟಿಗೆ ಇಲ್ಲ. ಒಬ್ಬರು ತೆಗೆಯುವುದು, ಒಬ್ಬರು ನಿಲ್ಲುವುದು. ಕೊನೆಗೆ ದೇವಸ್ಥಾನದಲ್ಲಿ ಯುಗಾದಿ ದಿನ ಯಾರೋ ತೆಗೆದುಕೊಟ್ಟ ಫೋಟೋ ಸಿಕ್ಕಿತು. ಅದರಲ್ಲಿ ನನ್ನ ಗಂಡನ ಕಣ್ಣು ಮುಚ್ಚಿದೆ. ಅದೇ ಹೋಯಿತು ಸರ್ಕಾರಕ್ಕೆ.

ಫೋನಿನಲ್ಲಿ ದೊಡ್ಡಮ್ಮನಿಗೆ ಇದನ್ನೆಲ್ಲ ವಿವರಿಸಿದೆ. "ಊರೆಲ್ಲ ಕರೆದು ಊಟ ಹಾಕ್ಸಿದ್ವಲ್ಲೇ, ಅದು ಸಾಕಾಗಲ್ವಾ ಅವರಿಗೆ?" ಅಂದರು.

ಕೆಲವು ವಾರಗಳ ನಂತರ ರಶೀದಿ ಪತ್ರ ಬಂತು. ಅದಕ್ಕೆ ಐ-797 ಅನ್ನುತ್ತಾರೆ. ಅದರಲ್ಲಿರುವುದು ಇಷ್ಟು: ನಿಮ್ಮ ಅರ್ಜಿ ಬಂದಿದೆ, ಕಾರ್ಡಿನ ಮೇಲಿರುವ ಕೊನೆಯ ದಿನದಿಂದ ಮುಂದೆ 48 ತಿಂಗಳು ನಿಮ್ಮ ಹಕ್ಕು ಮುಂದುವರಿದಿದೆ, ಹಳೆಯ ಕಾರ್ಡಿನ ಜೊತೆ ಈ ಪತ್ರ ತೋರಿಸಿದರೆ ಕೆಲಸ ಮಾಡಬಹುದು, ಓಡಾಡಬಹುದು. ಮೊದಲು ಈ ವಿಸ್ತರಣೆ 24 ತಿಂಗಳಿತ್ತು. ಅರ್ಜಿಗಳ ರಾಶಿ ಕರಗಲಿಲ್ಲ, 2023ರಲ್ಲಿ ಅದನ್ನೇ ದುಪ್ಪಟ್ಟು ಮಾಡಿದರು. ಎರಡು ವರ್ಷದ ಕಾರ್ಡಿಗೆ ನಾಲ್ಕು ವರ್ಷದ ಬಾಲ.

ಕಾನೂನಿನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಆದರೆ ಆ ಪತ್ರವನ್ನು ಒಮ್ಮೆ ನೋಡಬೇಕು ನೀವು. ಕಾರ್ಡಿನಲ್ಲಿ ಫೋಟೋ ಇದೆ, ಬೆರಳಚ್ಚು ಇದೆ, ಬೆಳಕಿಗೆ ಹಿಡಿದರೆ ಬಣ್ಣ ಬದಲಾಯಿಸುವ ಚಿತ್ತಾರ ಇದೆ. ಪತ್ರದಲ್ಲಿ ಏನೂ ಇಲ್ಲ. ಮಾಮೂಲಿ ಹಾಳೆ, ಕಪ್ಪು ಅಕ್ಷರ. ಫೋಟೋ ಇಲ್ಲ, ಸೀಲಿಲ್ಲ, ಕೈ ಸಹಿ ಇಲ್ಲ. ನಮ್ಮೂರ ಸೊಸೈಟಿ ಸಾಲದ ನೋಟಿಸ್ ಕೂಡ ಇದಕ್ಕಿಂತ ಗತ್ತಿನಿಂದ ಇರುತ್ತದೆ. ಇದನ್ನು ಹಿಡಿದು ಸಮುದ್ರ ದಾಟಬೇಕು.

ಬೇರೆ ದಾರಿ ಇರಲಿಲ್ಲ ಅಂತಲ್ಲ. ವಲಸೆ ಇಲಾಖೆಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಕೇಳಿದರೆ ಪಾಸ್‌ಪೋರ್ಟ್‌ನಲ್ಲೇ ಗ್ರೀನ್ ಕಾರ್ಡಿನ ಬದಲು ತೋರಿಸಬಹುದಾದ ಐ-551 ಅನ್ನುವ ಠಸ್ಸೆ ಹೊಡೆದುಕೊಡುತ್ತಾರೆ. ವಿಮಾನದವರಿಗೆ ಅದನ್ನು ಕಂಡರೆ ಧೈರ್ಯ ಜಾಸ್ತಿ. ನಾನು ಫೋನ್ ಮಾಡಿದೆ. ಪತ್ರ ಕೈಯಲ್ಲೇ ಇದೆಯಲ್ಲ, ಅದರ ಅವಧಿಯೂ ಇದೆ, ಠಸ್ಸೆ ಯಾಕೆ ಅಂತ ಆ ಕಡೆಯವರು ಕೇಳಿದರು. ಅವರು ಹೇಳಿದ್ದೂ ನಿಯಮವೇ. ಸುಮ್ಮನಾದೆ.

ಟಿಕೆಟ್ ಬುಕ್ ಮಾಡುವಾಗ ಮಾತ್ರ ತಲೆ ಓಡಿಸಬೇಕಾಯಿತು. ಅಗ್ಗದ ಟಿಕೆಟ್ ಇದ್ದದ್ದು ಜರ್ಮನಿಯ ಮೇಲೆ. ಆಗ ಭಾರತದ ಪಾಸ್‌ಪೋರ್ಟ್ ಇದ್ದವರು ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಾಯಿಸಲೂ ಟ್ರಾನ್ಸಿಟ್ ವೀಸಾ ತೆಗೆದುಕೊಳ್ಳಬೇಕಿತ್ತು. ಗ್ರೀನ್ ಕಾರ್ಡ್ ಇದ್ದರೆ ವಿನಾಯಿತಿ. ಡೇಟ್ ಮುಗಿದ ಕಾರ್ಡ್ ಮತ್ತು ಒಂದು ಪತ್ರ ಇದ್ದರೆ? ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ. ಬ್ರಿಟನ್ ಇದನ್ನು ನಿಯಮದಲ್ಲೇ ಬರೆದಿಟ್ಟಿದೆ: ಮುಗಿದ ಕಾರ್ಡಿನ ಜೊತೆ ಅವಧಿ ಮುಂದುವರಿಸಿದ ಐ-797 ಇದ್ದರೆ ಸಾಕು ಅಂತ. ಆದರೂ ಅಮೆರಿಕದ ಜೊತೆ ಇನ್ನೊಂದು ದೇಶದ ನಿಯಮವನ್ನೂ ಕೌಂಟರ್‌ನಲ್ಲಿ ನಿಂತು ವಿವರಿಸುವ ಉತ್ಸಾಹ ನನಗಿರಲಿಲ್ಲ. ಸ್ವಲ್ಪ ಹೆಚ್ಚು ಕೊಟ್ಟು ಗಲ್ಫ್ ಮೇಲಿನ ಟಿಕೆಟ್ ತೆಗೆದುಕೊಂಡೆ. ಅಲ್ಲಿ ಏರ್‌ಪೋರ್ಟ್ ಬಿಟ್ಟು ಹೊರಗೆ ಹೋಗದಿದ್ದರೆ ವೀಸಾ ಗೊಡವೆ ಇಲ್ಲ.

ಮದುವೆ ಚೆನ್ನಾಗಿ ಆಯಿತು. ಗಂಡನಿಗೆ ರಜೆ ಕಡಿಮೆ, ಬೀಗರೂಟ ಮುಗಿಸಿ ಅವರು ಮುಂಚೆ ಹೊರಟರು. ಕಾರ್ಡ್ ಮುಗಿದ ದಿನ ನಾನು ಅಮ್ಮನ ಜೊತೆ ಅಟ್ಟದ ಪಾತ್ರೆ ಎಣಿಸುತ್ತಿದ್ದೆ. ಮಧ್ಯಾಹ್ನ ಕಾಫಿ ಕುಡಿಯುವಾಗ ನೆನಪಾಗಿ ಪರ್ಸಿನಿಂದ ತೆಗೆದು ನೋಡಿದೆ. ನೋಡಲು ನಿನ್ನೆ ಇದ್ದ ಹಾಗೇ ಇತ್ತು.

ಪತ್ರದ ಎರಡು ಜೆರಾಕ್ಸ್ ಬೇಕಿತ್ತು. ಅಮ್ಮನೂ ಜೊತೆಗೆ ಬಂದರು. ಹಾಳೆ ಕೈಯಲ್ಲಿ ಹಿಡಿದವರೇ, "ಇಷ್ಟು ಮುಖ್ಯ ಅಂತೀಯ, ಲ್ಯಾಮಿನೇಷನ್ ಮಾಡ್ಸಿಬಿಡೆ, ನಲವತ್ತು ರೂಪಾಯಿ" ಅಂದರು. ಅಂಗಡಿಯ ಹುಡುಗ ಆಗಲೇ ಪ್ಲಾಸ್ಟಿಕ್ ಹಾಳೆ ಬಿಡಿಸಿ ಮೆಷಿನ್ ಬಿಸಿಗಿಟ್ಟಿದ್ದ. ನಾನು ಕಿತ್ತುಕೊಂಡೆ ಅಂತಲೇ ಹೇಳಬೇಕು. ಸರ್ಕಾರದ ಅಸಲು ಪತ್ರ, ಮುಟ್ಟಿ ನೋಡುವವರಿಗೆ ಹಾಳೆ ಸಿಗಬೇಕು. ಹುಡುಗನಿಗೆ ಬೇಜಾರಾಯಿತು, ಅಮ್ಮನಿಗೂ.

ಅಪ್ಪ ಬೆಂಗಳೂರಿನವರೆಗೆ ಬಂದರು. ಟಿಕೆಟ್ ಇಲ್ಲದವರನ್ನು ಟರ್ಮಿನಲ್ ಒಳಗೆ ಬಿಡುವುದಿಲ್ಲವಲ್ಲ, ಬಾಗಿಲಲ್ಲೇ ನಿಂತರು. "ಒಳಗೆಲ್ಲ ಸರಿಹೋಯ್ತು ಅಂತ ಫೋನ್ ಮಾಡು, ಆಮೇಲೆ ಹೊರಡ್ತೀನಿ" ಅಂದರು. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್, ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳು. ರಾತ್ರಿ ಒಂದೂವರೆ. ಗಲ್ಫ್ ವಿಮಾನಗಳೆಲ್ಲ ಬೆಳಗಿನ ಜಾವಕ್ಕೇ ಹೊರಡುವುದು, ಕ್ಯೂ ಮೈಲುದ್ದ.

ಕೌಂಟರ್‌ನಲ್ಲಿದ್ದ ಹುಡುಗಿ ಚಿಕ್ಕವಳು. ಕಂಪನಿಯ ಹೆಸರು ಬೇಡ. ಸೂಟ್‌ಕೇಸ್ ತೂಕ ನೋಡಿದಳು, ಅಪ್ಪೆಮಿಡಿ ಉಪ್ಪಿನಕಾಯಿ ಲೆಕ್ಕ ಸರಿಹೋಗಿತ್ತು. ಕಾರ್ಡ್ ಸ್ಕ್ಯಾನ್ ಮಾಡಿದಳು. ಇನ್ನೊಮ್ಮೆ ಮಾಡಿದಳು.

"ಮೇಡಂ, ಇದು ಎಕ್ಸ್‌ಪೈರ್ ಆಗಿದೆ."

"ಹೌದಮ್ಮಾ, ಅದರ ಜೊತೆ ಈ ಲೆಟರ್ ನೋಡಿ. 48 ತಿಂಗಳು ಎಕ್ಸ್‌ಟೆಂಡ್ ಆಗಿದೆ."

ಅವಳು ಓದಿದಳು. ಹಿಂದೆ ತಿರುಗಿಸಿದಳು. "ಇದ್ರಲ್ಲಿ ನಿಮ್ಮ ಫೋಟೋ ಇಲ್ವಲ್ಲ ಮೇಡಂ" ಅಂದಳು. ನನಗೆ ಸಿಟ್ಟು ಬರಲಿಲ್ಲ. ನಾನೂ ಮೊದಲ ದಿನ ಅದನ್ನೇ ಕೇಳಿದ್ದೆ. ಬೆಲ್ಟ್ ಮೇಲೆ ಹೋಗಿದ್ದ ಸೂಟ್‌ಕೇಸ್ ಹಿಂದಕ್ಕೆ ಬಂತು. "ಪಕ್ಕದಲ್ಲಿ ನಿಂತ್ಕೊಳ್ಳಿ, ಸರ್ ಬರ್ತಾರೆ."

ಪಕ್ಕದಲ್ಲಿ ನಿಲ್ಲುವುದು ಒಂದು ಶಿಕ್ಷೆ. ನಮ್ಮ ಹಿಂದಿದ್ದವರೆಲ್ಲ ಬೋರ್ಡಿಂಗ್ ಪಾಸ್ ತೆಗೆದುಕೊಂಡು ಹೋಗುತ್ತಾರೆ, ಹೋಗುವಾಗ ಒಂದು ಸಲ ನಮ್ಮ ಮುಖ ನೋಡುತ್ತಾರೆ. ಮಗಳ ಬಾಣಂತನಕ್ಕೆ ಹೊರಟಿದ್ದ ಒಬ್ಬ ಹಿರಿಯರು, "ಏನಮ್ಮಾ, ವೀಸಾ ಇಲ್ವಾ?" ಅಂತ ಕೇಳಿಯೇಬಿಟ್ಟರು. ಅಷ್ಟರಲ್ಲಿ ಅಪ್ಪನ ಫೋನ್. "ಆಯ್ತಾ?" "ಆಗ್ತಾ ಇದೆ ಅಪ್ಪ, ಕ್ಯೂ ಇದೆ" ಅಂದೆ.

ಸೂಪರ್‌ವೈಸರ್ ಬಂದರು. ಪತ್ರವನ್ನು ಮೇಲೆತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು, ನೋಟಿನಲ್ಲಿ ಗಾಂಧಿ ಹುಡುಕುವ ಹಾಗೆ. ಕೋಪ ಮಾಡಿಕೊಂಡು ಪ್ರಯೋಜನ ಇಲ್ಲ ಅಂತ ನನಗೆ ಗೊತ್ತಿತ್ತು. ಸರಿಯಾದ ಕಾಗದ ಇಲ್ಲದವರನ್ನು ಅಮೆರಿಕಕ್ಕೆ ಹತ್ತಿಸಿದರೆ ವಿಮಾನ ಕಂಪನಿಗೆ ತಲೆಗೆ ಸಾವಿರಾರು ಡಾಲರ್ ದಂಡ, ವಾಪಸ್ ಕರೆತರುವ ಖರ್ಚು ಬೇರೆ. ಹತ್ತಿಸದಿದ್ದರೆ? ಅವರಿಗೆ ಏನೂ ಇಲ್ಲ, ನನ್ನ ಟಿಕೆಟ್ ಹಾಳು ಅಷ್ಟೇ. ಅನುಮಾನ ಬಂದರೆ ಇಳಿಸುವುದೇ ಅವರಿಗೆ ಲಾಭ. ಅಮೆರಿಕ ತನ್ನ ಬಾಗಿಲು ಕಾಯುವ ಕೆಲಸವನ್ನು ದೇವನಹಳ್ಳಿಯಲ್ಲಿ ರಾತ್ರಿ ಪಾಳಿ ಮಾಡುವ ಹುಡುಗ ಹುಡುಗಿಯರಿಗೆ ಹೊರಿಸಿದೆ. ಫೋಟೋ ಇಲ್ಲದ ಹಾಳೆ ಕೊಟ್ಟು, ಇದನ್ನು ಗುರುತಿಸಿ ಅಂತ. ಅವರ ಅನುಮಾನಕ್ಕಿಂತ ಆ ಹಾಳೆಯ ಮೇಲೇ ನನಗೆ ಜಾಸ್ತಿ ಸಿಟ್ಟು.

ಅಮೆರಿಕದ ಗಡಿ ಇಲಾಖೆ ವಿಮಾನ ಕಂಪನಿಗಳಿಗೆಂದೇ ಒಂದು ಕೈಪಿಡಿ ಮಾಡಿದೆ. ಯಾವ ಕಾಗದ ನಡೆಯುತ್ತದೆ, ಯಾವುದು ಇಲ್ಲ ಅಂತ ಅದರಲ್ಲಿದೆ. ಮುಗಿದ ಷರತ್ತಿನ ಕಾರ್ಡ್ ಮತ್ತು ಐ-797ರ ಪುಟವನ್ನು ಪ್ರಿಂಟ್ ಮಾಡಿ, ಆ ಸಾಲುಗಳಿಗೆ ಹಳದಿ ಗೆರೆ ಹಾಕಿ ಇಟ್ಟುಕೊಂಡಿದ್ದೆ. ಅದನ್ನು ಕೊಟ್ಟೆ. ಪ್ರಯಾಣಿಕರು ತಂದ ಪ್ರಿಂಟನ್ನು ಸೂಪರ್‌ವೈಸರ್ ಯಾಕೆ ನಂಬಬೇಕು? ನಂಬಲಿಲ್ಲ. ಆದರೆ ಎಲ್ಲಿ ಹುಡುಕಬೇಕು ಅಂತ ಅವರಿಗೆ ಅದರಿಂದ ಗೊತ್ತಾಯಿತು. ಕಂಪ್ಯೂಟರ್‌ನಲ್ಲಿ ಟಿಮ್ಯಾಟಿಕ್ ತೆರೆದರು. ಎಲ್ಲ ದೇಶಗಳ ವೀಸಾ ನಿಯಮ ಇರುವ, ವಿಮಾನದವರೆಲ್ಲ ಬಳಸುವ ವ್ಯವಸ್ಥೆ ಅದು. ಓದಿದರು. ಎಲ್ಲಿಗೋ ಫೋನ್ ಮಾಡಿದರು. ನನ್ನ ಹೆಸರು, ರಶೀದಿ ನಂಬರ್ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಫೋನ್ ಹಿಡಿದುಕೊಂಡೇ ಬೆರಳು ಮಡಿಸಿ ಎಣಿಸಿದರು, "ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು." ಆಮೇಲೆ ಹುಡುಗಿಗೆ, "2028 ಡಿಸೆಂಬರ್ ಅಂತ ಹಾಕಿ" ಅಂದರು.

ನನಗೆ ಹೇಳಿದ್ದು ಇಷ್ಟೇ: "ಸಾರಿ ಮೇಡಂ, ನಮಗೂ ಅಪರೂಪಕ್ಕೆ ಬರೋ ಕೇಸ್ ಇದು." ಆ ಹುಡುಗಿ ನನ್ನ ಪತ್ರದ ಫೋಟೋ ತೆಗೆದುಕೊಳ್ಳಬಹುದಾ ಅಂತ ಕೇಳಿದಳು, ಮುಂದಿನ ಸಲಕ್ಕೆ ಬೇಕಾಗುತ್ತದೆ ಅಂತ. ಹೆಸರು, ನಂಬರ್ ಇದ್ದ ಕಡೆ ಕೈ ಮುಚ್ಚಿ ಹಿಡಿದೆ. ತೆಗೆದುಕೊಂಡಳು.

ಅಪ್ಪನಿಗೆ ಫೋನ್ ಮಾಡಿದೆ. "ಇಷ್ಟು ಹೊತ್ತು ಕ್ಯೂ ಇತ್ತಾ?" ಅಂದರು. ನಿಜ ಹೇಳಿದ್ದು ಮನೆ ಮುಟ್ಟಿದ ಮೇಲೆ. ನಮ್ಮ ಇಮಿಗ್ರೇಷನ್ ಅಧಿಕಾರಿಯೂ ತಾರೀಖು ನೋಡಿ ಹುಬ್ಬೇರಿಸಿದರು, ಪತ್ರ ಓದಿ ಠಸ್ಸೆ ಹಾಕಿದರು. ಗಲ್ಫ್‌ನಲ್ಲಿ ಗೇಟಿನ ಹತ್ತಿರ ಇನ್ನೊಮ್ಮೆ ತಪಾಸಣೆ ಆಯಿತು. ಅಲ್ಲಿನವರಿಗೆ ಈ ಹಾಳೆ ಪರಿಚಯ ಇತ್ತು, ಕಣ್ಣು ಹಾಯಿಸಿ ಬಿಟ್ಟರು.

ವಾಷಿಂಗ್ಟನ್‌ನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಫೈಲ್ ಪೂರ್ತಿ ಕೈಯಲ್ಲಿತ್ತು. ಪತ್ರ, ಅರ್ಜಿಯ ಪ್ರತಿ, ಬಾಡಿಗೆ ಕರಾರು, ಗಂಡನ ಪಾಸ್‌ಪೋರ್ಟ್ ಪ್ರತಿ. ಅಧಿಕಾರಿ ಕಾರ್ಡ್ ನೋಡಿದರು, ಪತ್ರ ಕೇಳಿದರು. ನಾನು ಮಡಿಕೆ ಬಿಡಿಸುವ ಮೊದಲೇ ಸಾಕು ಅನ್ನುವಂತೆ ಕೈ ಮಾಡಿದರು. ಎಲ್ಲಿಗೆ ಹೋಗಿದ್ದಿರಿ, ಯಾಕೆ? ತಮ್ಮನ ಮದುವೆ ಅಂದೆ. ತಿನ್ನುವ ಸಾಮಾನು ಏನಾದರೂ ಇದೆಯಾ? ಉಪ್ಪಿನಕಾಯಿ ಅಂದೆ. ಮಾಂಸ ಇಲ್ಲವಲ್ಲ ಅಂತ ಕೇಳಿ ಪಾಸ್‌ಪೋರ್ಟ್ ವಾಪಸ್ ಕೊಟ್ಟರು. ಬೆಂಗಳೂರಿನಲ್ಲಿ ಅಷ್ಟು ಹೊತ್ತು ವಿಚಾರಣೆ ನಡೆದ ಪತ್ರವನ್ನು ಅದನ್ನು ಬರೆದ ದೇಶ ಓದಲೂ ಇಲ್ಲ.

ಷರತ್ತು ತೆಗೆಸುವ ಅರ್ಜಿ ಅದಾದ ಮೇಲೂ ಇಲಾಖೆಯಲ್ಲೇ ಕೂತಿತು. ಅಮೆರಿಕದ ಪೌರರನ್ನು ಮದುವೆಯಾಗಿ ಅವರ ಜೊತೆಯಲ್ಲೇ ಇರುವವರು ಮೂರು ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಎರಡೂ ಅರ್ಜಿಗಳನ್ನು ಒಟ್ಟಿಗೇ ತೀರ್ಮಾನಿಸುವುದುಂಟು. ಹಾಕಿಬಿಡು, ಕಾಗದದ ಕಾಟ ತಪ್ಪುತ್ತದೆ ಅಂತ ನನ್ನ ಗಂಡ ಹೇಳುತ್ತಾರೆ. ಹಾಗೆ ಮಾಡಿದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಆಮೇಲೆ ಅಪ್ಪ ಅಮ್ಮನನ್ನು ನೋಡಲು, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಬೇಕು. ಅದಕ್ಕೂ ಒಂದು ಕೌಂಟರ್ ಇದ್ದೇ ಇರುತ್ತದೆ. ನಾನಿನ್ನೂ ಹೂಂ ಅಂದಿಲ್ಲ.