ಪ್ಯಾರಡೈಸ್‌ನಲ್ಲಿ ಎರಡು ರಾತ್ರಿ, ಒಂದು ಕಂಬಳಿ

ಡಿಕ್ಕಿಯಲ್ಲಿ ಜಾಗ ಇಲ್ಲ ಅಂತ ಕಂಬಳಿಯನ್ನು ಎರಡು ಸಲ ಹೊರಗೆ ತೆಗೆದಿಟ್ಟೆ. ಎರಡು ಸಲವೂ ಅತ್ತೆ ಸದ್ದಿಲ್ಲದೆ ವಾಪಸ್ ಇಟ್ಟರು. ಮೂರನೇ ಸಲ ನಾನೇ ಸುಮ್ಮನಾದೆ. ಅಳಿಯನ ಮಾತಿಗೆ ಎದುರಾಡುವವರಲ್ಲ ಅವರು. ಆದರೆ ಮಾಡುವುದನ್ನು ಮಾಡಿಯೇ ಮಾಡುತ್ತಾರೆ.

ಕಂಬಳಿ ನಮ್ಮೂರಿನದು. ನಾನು ಚಳ್ಳಕೆರೆ ಕಡೆಯವನು. ಏಳು ವರ್ಷದ ಹಿಂದೆ ಅಮ್ಮ ಕಟ್ಟಿ ಕಳಿಸಿದ್ದು, ಇಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ನಮ್ಮ ಮನೆಯ ಕಪಾಟಿನಲ್ಲಿ ನುಸಿಗುಳಿಗೆ ಜೊತೆ ಬಿದ್ದಿತ್ತು. ಹೀಟರ್ ಇರುವ ಮನೆಯಲ್ಲಿ ಮೈ ಚುಚ್ಚುವ ಕರಿ ಕಂಬಳಿ ಯಾರು ಹೊದೆಯುತ್ತಾರೆ? ಅತ್ತೆ ತೀರ್ಥಹಳ್ಳಿಯವರು. ಆರು ತಿಂಗಳಿಗೆ ಅಂತ ಬಂದವರು, ಬಂದ ವಾರದಲ್ಲೇ ಅದನ್ನು ಹುಡುಕಿ ತೆಗೆದು ಬಿಸಿಲಿಗೆ ಹಾಕಿದ್ದರು.

ಜೂನ್ ಕೊನೆಯ ವಾರ, ಮಕ್ಕಳಿಗೆ ರಜೆ. ಡೇರೆ ಕಟ್ಟಿಕೊಂಡು ಕಾಡಿಗೆ ಹೊರಟಿದ್ದೆವು. ನಾವಿರುವುದು ಡೆಟ್ರಾಯ್ಟ್ ಪಕ್ಕ. ಮಿಶಿಗನ್ ಎರಡು ತುಂಡು. ಕೆಳಗಿನ ತುಂಡು ಬಲಗೈ ಅಂಗೈ ಇದ್ದ ಹಾಗೆ. ನಿಮ್ಮೂರು ಎಲ್ಲಿ ಅಂದರೆ ಇಲ್ಲಿಯವರು ಕೈ ಎತ್ತಿ, ಹೆಬ್ಬೆರಳ ಬುಡವನ್ನೋ ಕಿರುಬೆರಳ ತುದಿಯನ್ನೋ ಮುಟ್ಟಿ ತೋರಿಸುತ್ತಾರೆ. ಮೇಲಿನ ತುಂಡಿಗೆ ಅಪ್ಪರ್ ಪೆನಿನ್ಸುಲಾ ಅಂತ ಹೆಸರು, ಬಾಯಿಮಾತಲ್ಲಿ ಯುಪಿ. ಜನ ಕಮ್ಮಿ, ಕಾಡು ಜಾಸ್ತಿ. ಎರಡರ ನಡುವೆ ಮ್ಯಾಕಿನಾ ಸೇತುವೆ. 1957ರಲ್ಲಿ ತೆರೆದದ್ದು, ಉದ್ದ 8 ಕಿಲೋಮೀಟರ್. ನಡುಭಾಗದಲ್ಲಿ ಒಳಗಿನ ಲೇನ್ ಹಿಡಿದರೆ ರಸ್ತೆ ಅಂದರೆ ಬರೀ ಕಬ್ಬಿಣದ ಜಾಲರಿ. ಟೈರು ಗುಂಯ್ ಅನ್ನುತ್ತದೆ. ಜಾಲರಿ ಕೆಳಗೆ ಸುಮಾರು 200 ಅಡಿ ಆಳದಲ್ಲಿ ನೀರು. ಅತ್ತೆ ಕಿಟಕಿಯಿಂದ ಬಗ್ಗಿ ನೋಡಿದರು. ಆಮೇಲೆ ಸೇತುವೆ ಮುಗಿಯುವವರೆಗೂ ಕಣ್ಣು ಮುಚ್ಚಿ ಕೂತರು. ಕೇಳಿದ್ದಕ್ಕೆ "ನಿದ್ದೆ ಬಂತು" ಅಂದರು.

ಹೋಗುತ್ತಿದ್ದದ್ದು ಪ್ಯಾರಡೈಸ್ ಅನ್ನುವ ಊರಿಗೆ. ನಿಜವಾಗಲೂ ಅದೇ ಹೆಸರು. ಇದೇ ರಾಜ್ಯದಲ್ಲಿ ಹೆಲ್ ಅಂತಲೂ ಒಂದು ಊರಿದೆ, ಅದು ನಮ್ಮ ಮನೆಗೆ ಹತ್ತಿರ. ನರಕ ಪಕ್ಕದಲ್ಲೇ ಇದೆ, ಸ್ವರ್ಗಕ್ಕೆ ಮಾತ್ರ ಆರು ಗಂಟೆ ಡ್ರೈವ್ ಅಂತ ನನ್ನ ಹೆಂಡತಿ ಪ್ರತಿ ಸಲ ಹೇಳುತ್ತಾಳೆ. ಪ್ರತಿ ಸಲ ನಾನು ನಗಬೇಕು.

ಇಲ್ಲಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಎರಡು ಬಗೆ. ಮಾಡರ್ನ್ ಅಂದರೆ ಕರೆಂಟು, ಬಿಸಿನೀರ ಸ್ನಾನ, ಬಸ್ಸಿನಷ್ಟು ದೊಡ್ಡ ಮನೆಗಾಡಿಗಳು, ಆ ಗಾಡಿಗಳೊಳಗೆ ಟಿವಿ. ಒಳ್ಳೆ ಜಾಗ ಬೇಕು ಅಂದರೆ ಆರು ತಿಂಗಳ ಮುಂಚೆಯೇ ಬುಕ್ ಮಾಡಬೇಕು. ರಸ್ಟಿಕ್ ಅಂದರೆ ಇದು ಯಾವುದೂ ಇಲ್ಲ. ಮರಗಳ ನಡುವೆ ಒಂದು ಖಾಲಿ ಜಾಗ, ನಂಬರ್ ಬರೆದ ಗೂಟ, ಒಂದು ಮರದ ಮೇಜು, ಬೆಂಕಿ ಹಾಕಲು ನೆಲದಲ್ಲಿ ಹೂತ ಕಬ್ಬಿಣದ ಬಳೆ. ನೀರಿಗೆ ಹ್ಯಾಂಡ್‌ಪಂಪ್. ಆಚೆ ಒಂದು ಗುಂಡಿ ಕಕ್ಕಸು, ಅದರಲ್ಲಿ ನೀರಿಲ್ಲ. ರಾಜ್ಯ ಸರ್ಕಾರದ ಕಾಡಿನಲ್ಲಿ ಇಂಥವು ನೂರಕ್ಕೂ ಮೇಲೆ ಇವೆ, ಹೆಚ್ಚಿನವು ಕೆರೆ ದಂಡೆಯಲ್ಲೋ ಹೊಳೆ ಪಕ್ಕದಲ್ಲೋ. ಬುಕಿಂಗ್ ಇಲ್ಲದ ಕಡೆ ಮೊದಲು ಹೋದವರಿಗೆ ಜಾಗ. ನಮಗೆ ಸಿಕ್ಕಿದ್ದು ಪ್ಯಾರಡೈಸ್ ದಾಟಿ ಸ್ವಲ್ಪ ಮುಂದೆ, ಒಂದು ಸಣ್ಣ ಕೆರೆಯ ಅಂಚಿಗೆ.

ಹ್ಯಾಂಡ್‌ಪಂಪ್ ನೋಡಿ ಅತ್ತೆಗೆ ಜೀವ ಬಂತು. ಹೊಡೆದರೆ ಐದಾರು ಏಟಿಗೆ ನೀರು, ಐಸಿನಷ್ಟು ತಣ್ಣಗೆ, ಬಾಯಿಗೆ ಕಬ್ಬಿಣದ ರುಚಿ. ಅವರು ಬ್ಯಾಗಿನಿಂದ ಸ್ಟೀಲ್ ಚೊಂಬು ತೆಗೆದರು. ಅದನ್ನು ಬ್ಯಾಗಿಗೆ ಯಾವಾಗ ತುಂಬಿದರೋ ನನಗೆ ಗೊತ್ತಿಲ್ಲ. ಮುಂದಿನ ಎರಡು ದಿನ ಆ ಚೊಂಬಿಗಾಗಿ ನಾವು ಐದೂ ಜನ ಸರದಿ ನಿಂತಿದ್ದೆವು.

ದುಡ್ಡು ಇಸ್ಕೊಳ್ಳೋಕೆ ಅಲ್ಲಿ ಯಾರೂ ಇರಲಿಲ್ಲ. ಬೋರ್ಡಿನ ಹತ್ತಿರ ಡಬ್ಬಿಯಲ್ಲಿ ಲಕೋಟೆಗಳು. ಹೆಸರು, ಕಾರಿನ ನಂಬರ್, ಎಷ್ಟು ರಾತ್ರಿ ಅಂತ ಬರೆದು, ರಾತ್ರಿಗೆ 20 ಡಾಲರ್ ಒಳಗಿಟ್ಟು, ಅಂಟಿಸಿ, ನೆಲದಲ್ಲಿ ನೆಟ್ಟ ಕಬ್ಬಿಣದ ಪೈಪಿನ ಸೀಳಿಗೆ ಹಾಕಬೇಕು. ಹರಿದುಕೊಂಡ ಚೀಟಿಯನ್ನು ನಮ್ಮ ಗೂಟಕ್ಕೆ ಸಿಕ್ಕಿಸಬೇಕು. ನಂಬಿಕೆಯ ಮೇಲೆ ನಡೆಯುವ ವ್ಯವಸ್ಥೆ ನೋಡಿ ಅತ್ತೆ, ಅಂತ ನಾನು ಉಬ್ಬಿಕೊಂಡು ಹೇಳಿದೆ.

"ಯಾರೂ ನೋಡೂದೇ ಇಲ್ವಾ?"

"ಆಗಾಗ ಅಧಿಕಾರಿಗಳು ಜೀಪಲ್ಲಿ ಬಂದು ಚೀಟಿ ನೋಡ್ಕೊಂಡು ಹೋಗ್ತಾರೆ."

"ಹಂಗೆ ಹೇಳಿ" ಅಂದು ಚೊಂಬು ತೊಳೆಯಲು ಹೋದರು.

ಡೇರೆ ಹಾಕುವ ಕೆಲಸ ನನ್ನದು. ಜಾಗದಲ್ಲಿ ಒಂದು ಕಡೆ ಮಾತ್ರ ನೆಲ ಚಪ್ಪಟೆ, ಅಲ್ಲಿಂದ ಮರಗಳ ಸಂದಿಯಲ್ಲಿ ಕೆರೆ ಕಾಣುತ್ತಿತ್ತು. ಯೋಚನೆ ಮಾಡುವುದೇನಿದೆ? ಟಾರ್ಪಾಲು ಹಾಸಿದೆ. ಡೇರೆಗಿಂತ ಸುತ್ತ ಒಂದಡಿ ದೊಡ್ಡದಿತ್ತು. ಒಳ್ಳೆಯದೇ ಆಯ್ತು, ಚಪ್ಪಲಿ ಬಿಡೋಕೆ ಜಗುಲಿ ಆಗುತ್ತೆ ಅಂದುಕೊಂಡೆ. ಅತ್ತೆ ಬಂದು ನಿಂತರು. ಅವರ ಕಣ್ಣು ಕೆರೆಯ ಕಡೆ ಹೋಗಲಿಲ್ಲ, ನೆಲದ ಮೇಲಿತ್ತು.

"ಇಲ್ಲಿ ಕಸ ಗೆರೆ ಕಟ್ಟಿದೆ ಅಲ್ದಾ" ಅಂದರು.

ನೋಡಿದೆ. ಒಣಗಿದ ಪೈನ್ ಸೂಜಿಎಲೆಗಳು, ಸಣ್ಣ ಕಡ್ಡಿಗಳು, ತೊಗಟೆ ಚೂರು. ಯಾರೋ ಕಡ್ಡಿಪೊರಕೆಯಲ್ಲಿ ಗುಡಿಸಿ ಬಿಟ್ಟಂತೆ ನೆಲದ ಮೇಲೆ ಬಾಗಿದ ಒಂದು ಗೆರೆ. ಅದರ ಒಳಗಿನ ನೆಲ ನುಣ್ಣಗಿತ್ತು.

"ಗಾಳಿಗೆ ಇರಬೇಕು ಅತ್ತೆ."

"ಇರಬಹುದು" ಅಂದರು. ಅಷ್ಟಕ್ಕೇ ಬಿಟ್ಟರು.

ಸೌದೆಯನ್ನು ಮನೆಯಿಂದ ತರಲಿಲ್ಲ. ಇಲ್ಲಿ ಸೌದೆಯನ್ನು ಒಂದು ಊರಿಂದ ಇನ್ನೊಂದೂರಿಗೆ ಸಾಗಿಸಬೇಡಿ ಅಂತ ಎಲ್ಲ ಕಡೆ ಬೋರ್ಡು. ಕಾರಣ ಒಂದು ಹುಳ. ಏಷ್ಯಾದಿಂದ ಬಂದ, ಪಚ್ಚೆ ಬಣ್ಣದ, ಅರ್ಧ ಇಂಚಿನ ದುಂಬಿ. 2002ರಲ್ಲಿ ಡೆಟ್ರಾಯ್ಟ್ ಸುತ್ತಮುತ್ತ ಮೊದಲು ಕಂಡದ್ದು. ಅದರ ಮರಿ ಹುಳಗಳು ಆ್ಯಶ್ ಮರದ ತೊಗಟೆ ಕೆಳಗೆ ಸುರಂಗ ಕೊರೆದು, ಮರಕ್ಕೆ ನೀರು ಏರದ ಹಾಗೆ ಮಾಡುತ್ತವೆ. ಕೋಟಿಗಟ್ಟಲೆ ಮರ ಒಣಗಿ ಹೋದವು. ದುಂಬಿ ತಾನಾಗಿ ಅಷ್ಟು ದೂರ ಹಾರುವುದಿಲ್ಲ, ಕ್ಯಾಂಪಿಗೆ ಹೋಗುವವರ ಡಿಕ್ಕಿಯಲ್ಲಿ ಸೌದೆ ಜೊತೆ ಪ್ರಯಾಣ ಮಾಡುತ್ತದೆ. ಹಾಗಾಗಿ ದಾರಿಯಲ್ಲಿ ಯಾರದೋ ಮನೆ ಮುಂದೆ ಇಟ್ಟಿದ್ದ ಕಂತೆ ಎತ್ತಿಕೊಂಡು, ಪಕ್ಕದ ಡಬ್ಬಿಗೆ ದುಡ್ಡು ಹಾಕಿ ಬಂದೆವು. (ಆ ಡಬ್ಬಿಗೆ ಜೀಪೂ ಬರುವುದಿಲ್ಲ. ಇದನ್ನು ಅತ್ತೆಗೆ ಹೇಳಬೇಕಿತ್ತು, ಆಗ ಹೊಳೆಯಲಿಲ್ಲ.)

ಸೌದೆ ಹಸಿ. ಪೇಪರೆಲ್ಲ ಖಾಲಿಯಾದರೂ ಬರೀ ಹೊಗೆ. ಅತ್ತೆ ಕೂತು ಊದಿದರು, ನಾನು ರಟ್ಟಿನ ಹಾಳೆ ಬೀಸಿದೆ. ಪಕ್ಕದ ಜಾಗದಲ್ಲಿ ಒಬ್ಬನೇ ಬಂದಿದ್ದ ಒಬ್ಬ ಮುದುಕಪ್ಪ ಇದನ್ನೆಲ್ಲ ನೋಡಿ, ಕೊನೆಗೆ ತಡೆಯಲಾರದೆ ಎದ್ದು ಬಂದ. ಕೈಯಲ್ಲಿ ಬರ್ಚ್ ಮರದ ತೊಗಟೆ, ಬಿಳಿ ಕಾಗದದ ಸುರುಳಿ ಥರ. ಬಿದ್ದ ಮರದಿಂದ ಕಿತ್ತದ್ದು. ನಿಂತ ಮರದ್ದು ಕೀಳಬಾರದು ಅಂತ ಎರಡು ಸಲ ಹೇಳಿದ. ಒದ್ದೆಯಾಗಿದ್ದರೂ ಅದು ಸೀಮೆಎಣ್ಣೆ ಹಾಕಿದ ಹಾಗೆ ಹತ್ತಿಕೊಂಡಿತು, ಒಳಗೆ ಎಣ್ಣೆಯ ಅಂಶ ಇರುತ್ತದಂತೆ. ಭೂರ್ಜಪತ್ರ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಹಿಮಾಲಯದ ಆ ಮರವೂ ಇದೇ ಜಾತಿ. ಹಿಂದಿನವರು ಗ್ರಂಥ ಬರೆಯುತ್ತಿದ್ದಂಥ ತೊಗಟೆಯಲ್ಲಿ ನಾವು ಬದನೆಕಾಯಿ ಸುಟ್ಟೆವು. ಫಾಯಿಲ್ ಸುತ್ತುತ್ತೇನೆ ಅಂದರೆ ಅತ್ತೆ ಬಿಡಲಿಲ್ಲ. ಕೆಂಡಕ್ಕೇ ಇಟ್ಟು, ಸಿಪ್ಪೆ ಸುಲಿದು, ಉಪ್ಪು, ಹಸಿಮೆಣಸು, ಈರುಳ್ಳಿ, ಹುಣಸೆ ರಸ ಹಾಕಿ ಕಿವುಚಿದರು. ಮುದುಕಪ್ಪನಿಗೂ ಅನ್ನದ ಜೊತೆ ಒಂದು ತಟ್ಟೆ ಹೋಯಿತು. ತಟ್ಟೆ ತೊಳೆದು ತಂದುಕೊಟ್ಟ.

ಮಕ್ಕಳು ಹುಲ್ಲಲ್ಲಿ ಆಡಿ ಬಂದರೆ ಮೈಯೆಲ್ಲ ಉಣುಗು ಹುಡುಕಬೇಕು. ಇಲ್ಲಿ ಲೈಮ್ ಅಂತ ಕಾಯಿಲೆ ಅದರಿಂದಲೇ ಬರುವುದು. ಇದನ್ನು ಅತ್ತೆಗೆ ಹೇಗೆ ವಿವರಿಸಲಿ ಅಂತ ನಾನು ಇಂಟರ್ನೆಟ್ಟಲ್ಲಿ ಚಿತ್ರ ತೆಗೆದಿಟ್ಟುಕೊಂಡಿದ್ದೆ. ಅವರು ಅರ್ಧಕ್ಕೇ ಕೈ ತೋರಿಸಿ ನಿಲ್ಲಿಸಿದರು. ಮ್ಯಾಕಿನಾ ಸೇತುವೆ ತೆರೆದ ಅದೇ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಮಂಗನ ಕಾಯಿಲೆ ಗೊತ್ತಾದದ್ದು. ಅದನ್ನೂ ಹಬ್ಬಿಸುವುದು ಉಣುಗೇ. ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಂಡೇ ಬೆಳೆದ ಊರಿನವರು ಅವರು. ಮಕ್ಕಳ ಪ್ಯಾಂಟನ್ನು ಸಾಕ್ಸಿನ ಒಳಗೆ ತುರುಕಿದರು. ಸಂಜೆ ಟಾರ್ಚ್ ಹಿಡಿದು ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ ನೋಡಿದರು. ಮಗಳ ಮಂಡಿ ಹಿಂದೆ ಗಸಗಸೆ ಕಾಳಿನಷ್ಟು ಒಂದು ಸಿಕ್ಕಿತು. ನನ್ನ ಕನ್ನಡಕಕ್ಕೆ ಅದು ಮಚ್ಚೆ.

ರಾತ್ರಿ ಹತ್ತಾದರೂ ಬೆಳಕು ಪೂರ್ತಿ ಹೋಗಿರಲಿಲ್ಲ. ಹತ್ತರ ಮೇಲೆ ಗಲಾಟೆ ಮಾಡಬಾರದು ಅನ್ನುವುದು ನಿಯಮ. ಕರಡಿ, ರಕೂನ್ (ಬೆಕ್ಕಿಗಿಂತ ಸ್ವಲ್ಪ ದೊಡ್ಡ ಕಾಡುಪ್ರಾಣಿ) ಬರುತ್ತವೆ, ತಿನ್ನುವ ಸಾಮಾನೆಲ್ಲ ಕಾರೊಳಗೆ ಇರಬೇಕು ಅನ್ನುವುದು ಇನ್ನೊಂದು. ಎಲ್ಲ ಎತ್ತಿಟ್ಟೆ. ಕೋಡುಬಳೆಯ ಸ್ಟೀಲ್ ಡಬ್ಬಿ ಒಂದನ್ನು ಅತ್ತೆ ಡೇರೆ ಬಾಗಿಲ ಪಕ್ಕ ಬಿಟ್ಟಿದ್ದರು. "ಮುಚ್ಚಳ ಗಟ್ಟಿ ಇದೆ, ನಂಗೇ ತೆಗಿಯಕ್ಕೆ ಬರಲ್ಲ" ಅಂದರು. ಬೆಳಿಗ್ಗೆ ಡಬ್ಬಿ ಒಂದು ಕಡೆ, ಮುಚ್ಚಳ ಒಂದು ಕಡೆ, ಮಣ್ಣಲ್ಲಿ ಪುಟ್ಟ ಮಗುವಿನ ಅಂಗೈಯಂಥ ಗುರುತುಗಳು. ಕೋಡುಬಳೆ ಒಂದೂ ಇಲ್ಲ. ರಕೂನಿನ ಮುಂಗಾಲು ಹೆಚ್ಚುಕಮ್ಮಿ ನಮ್ಮ ಕೈಬೆರಳಿನ ಹಾಗೆ ಚುರುಕು. ನಾನು ಏನೂ ಅನ್ನಲಿಲ್ಲ. ಅನ್ನಲಿಲ್ಲ ಅನ್ನುವುದನ್ನು ಮಾತ್ರ ಸ್ವಲ್ಪ ಜಾಸ್ತಿಯೇ ತೋರಿಸಿಕೊಂಡೆ ಅನಿಸುತ್ತದೆ.

"ಖಾರ ಆಗ್ಲಿಲ್ವಾ ಏನ ಅದಕ್ಕೆ" ಅಂದರು ಅತ್ತೆ, ಖಾಲಿ ಡಬ್ಬಿ ನೋಡುತ್ತಾ.

ಅದೇ ರಾತ್ರಿ ಇನ್ನೊಂದು ಗೊತ್ತಾಯಿತು. ಗಾಳಿ ತುಂಬುವ ಹಾಸಿಗೆ ಮೆತ್ತಗಿರುತ್ತದೆ ನಿಜ, ಆದರೆ ಒಳಗಿನ ಗಾಳಿ ನೆಲದ ಥಂಡಿಯನ್ನೆಲ್ಲ ಎಳೆದುಕೊಂಡು ಬೆನ್ನಿಗೆ ಕೊಡುತ್ತದೆ. ಹೊರಗೆ 9 ಡಿಗ್ರಿ. ಮೇಲೆ ಎಷ್ಟು ಹೊದ್ದರೂ ಕೆಳಗಿಂದ ನಡುಕ. ಅತ್ತೆ ಕಂಬಳಿಯನ್ನು ಹೊದೆಯಲಿಲ್ಲ, ಹಾಸಿಕೊಂಡಿದ್ದರು. ನಾನು ಜಾಗ ಇಲ್ಲ ಅಂತ ಹೊರಗೆ ತೆಗೆದಿಟ್ಟ ಕಂಬಳಿಯ ಮೇಲೆ ಅಜ್ಜಿ, ಇಬ್ಬರು ಮೊಮ್ಮಕ್ಕಳು ಗೊರಕೆ ಹೊಡೆಯುತ್ತಿದ್ದರು. ಕೆರೆಯಲ್ಲಿ ಲೂನ್ ಹಕ್ಕಿ ಕೂಗುತ್ತಿತ್ತು, ಯಾರೋ ಹೆಂಗಸು ದೂರದಲ್ಲಿ ಗೋಳಾಡಿದ ಹಾಗೆ. ಅದನ್ನು ಪೂರ್ತಿ ಕೇಳಿದವನು ನಾನೊಬ್ಬನೇ.

ಮರುದಿನ ತಾಕ್ವಾಮೆನಾನ್ ಜಲಪಾತಕ್ಕೆ ಹೋದೆವು. ಎತ್ತರ 50 ಅಡಿಯೂ ಇಲ್ಲ, ಜೋಗ ನೋಡಿದವರ ಮುಂದೆ ಬಾಯಿ ಬಿಡಬಾರದು. ನೋಡಬೇಕಾದ್ದು ಅದರ ಬಣ್ಣ. ಜೌಗು ಕಾಡಿನ ಸೀಡರ್ ಮರಗಳ ಒಗರು ನೀರಿಗಿಳಿದು ಹೊಳೆ ಇಡೀ ಕಾಫಿ ಡಿಕಾಕ್ಷನ್, ಕೆಳಗೆ ಬಿದ್ದಲ್ಲಿ ನೊರೆ. ಅಲ್ಲಿಂದ ಸುಪೀರಿಯರ್ ಸರೋವರದ ದಂಡೆಗೆ. "ಕೆರೆ ಅಂದ್ರಲ್ಲ, ಆಚೆ ದಡ ಎಲ್ಲಿ?" ಅಂತ ಅತ್ತೆ ಕೇಳಿದರು. ಸುಮಾರು 82,000 ಚದರ ಕಿಲೋಮೀಟರ್, ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ದೊಡ್ಡದು ಅಂದೆ. ಇಲ್ಲಿಂದ ಸ್ವಲ್ಪ ದೂರದಲ್ಲೇ 1975ರ ನವೆಂಬರ್‌ನಲ್ಲಿ ಎಡ್ಮಂಡ್ ಫಿಟ್ಸ್‌ಜೆರಾಲ್ಡ್ ಅನ್ನುವ ಹಡಗು ಬಿರುಗಾಳಿಗೆ ಸಿಕ್ಕಿ 29 ಜನರ ಸಮೇತ ಮುಳುಗಿತು. ನೀರೊಳಗಿಂದ ಎತ್ತಿದ ಅದರ ಗಂಟೆ ವೈಟ್‌ಫಿಶ್ ಪಾಯಿಂಟಿನ ಮ್ಯೂಸಿಯಮ್ಮಿನಲ್ಲಿದೆ. ಅತ್ತೆ ದಂಡೆಯಲ್ಲಿ ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು, ಉಪ್ಪಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಆಕಾಶ ನೋಡಿದರು. ನಾನು ಫೋನ್ ನೋಡಿದೆ. ಸಿಗ್ನಲ್ ಇರಲಿಲ್ಲ.

ರಾತ್ರಿ ಎರಡು ಗಂಟೆಗೆ ಮಳೆ ಬಂತು. ಚಳ್ಳಕೆರೆಯವನಿಗೆ ಮಳೆ ಬಂದರೆ ಖುಷಿ ಪಡುವುದೊಂದೇ ಗೊತ್ತು. ಡೇರೆ ಮೇಲೆ ಪಟಪಟ ಸದ್ದು ಕೇಳುತ್ತಾ ಮಲಗಿದ್ದೆ. ಸ್ವಲ್ಪ ಹೊತ್ತಿಗೆ ಹಾಸಿಗೆ ಮಗ್ಗುಲು ಬದಲಿಸಿದ ಹಾಗಾಯಿತು. ಕೈ ಕೆಳಗಿಟ್ಟರೆ ಡೇರೆಯ ನೆಲ ನೀರಿನ ಚೀಲದ ಥರ ತುಳುಕುತ್ತಿದೆ. ನಾನು ಜಗುಲಿ ಅಂದುಕೊಂಡಿದ್ದ ಟಾರ್ಪಾಲಿನ ಅಂಚು ಮಳೆಯನ್ನೆಲ್ಲ ಹಿಡಿದು, ನಮ್ಮ ಅಡಿಗೇ ತಂದು ಸುರಿಯುತ್ತಿತ್ತು. ಅಂಚು ಯಾವತ್ತೂ ಡೇರೆಯ ಒಳಗೆ ಮಡಚಿರಬೇಕು, ಒಂದು ಬೆರಳೂ ಹೊರಗೆ ಕಾಣಬಾರದು. ಈಗ ಗೊತ್ತು. ಟಾರ್ಚ್ ಹಾಕಿ ಹೊರಗೆ ನೋಡಿದೆ. ಪೈನ್ ಸೂಜಿಗಳು, ಕಡ್ಡಿಗಳು ನೀರಲ್ಲಿ ತೇಲುತ್ತಾ, ಮೊದಲಿದ್ದ ಅದೇ ಬಾಗಿದ ಗೆರೆಯ ಮೇಲೆ ಬಂದು ಕೂರುತ್ತಿದ್ದವು.

ಅತ್ತೆ ಆಗಲೇ ಎದ್ದಿದ್ದರು. ಕಂಬಳಿಯ ಒಂದು ಮೂಲೆಯನ್ನು ಒಳಗೆ ಮಡಚಿ, ಕೊಪ್ಪೆ ಮಾಡಿ, ತಲೆ ಮೇಲೆ ಹಾಕಿಕೊಂಡರು. ಗದ್ದೆ ನಾಟಿಗೆ ಹೊರಟವರ ಹಾಗೆ. ಎರಡೂ ಪಕ್ಕಕ್ಕೆ ಒಂದೊಂದು ಮಗುವನ್ನು ಒಳಗೆ ಸೇರಿಸಿಕೊಂಡು ಕಾರಿನವರೆಗೆ ನಡೆದರು. ಟಾರ್ಚ್ ಬೆಳಕಲ್ಲಿ ಕಂಬಳಿಯ ಮೇಲೆ ಹನಿಗಳು ಸಾಬಕ್ಕಿ ಕಾಳಿನಂತೆ ನಿಂತಿದ್ದವು, ಒಳಗೆ ಇಳಿದಿರಲಿಲ್ಲ. ಎರಡೂವರೆ ಸಾವಿರ ರೂಪಾಯಿ ಬೆಲೆಯ ನನ್ನ ಮಳೆ ಜಾಕೆಟ್ಟು ಡೇರೆಯೊಳಗೆ ನೀರಲ್ಲಿ ಮಲಗಿತ್ತು.

ಕಾರಿನಲ್ಲಿ ಐದು ಜನ, ಗಾಜೆಲ್ಲ ಮಂಜು. ಯಾರೂ ಮಾತಾಡಲಿಲ್ಲ. ಕಸ, ಗೆರೆ, ತಗ್ಗು ಅಂತ ಯಾರಾದರೂ ಒಂದು ಶಬ್ದ ಎತ್ತುತ್ತಾರೆ ಅಂತ ಕಾಯುತ್ತಾ ಕೂತೆ. ಹೆಂಡತಿ ನನ್ನ ಕಡೆ ನೋಡದೆ ಕಿಟಕಿ ಕಡೆ ತಿರುಗಿದ್ದಳು, ಭುಜ ಮಾತ್ರ ಅಲುಗುತ್ತಿತ್ತು. ಹಿಂದಿನ ಸೀಟಿಂದ ಅತ್ತೆ ಕೊನೆಗೆ ಬಾಯಿ ತೆಗೆದರು.

"ಕೋಡುಬಳೆ ಇದ್ದಿದ್ರೆ ಈಗ ತಿನ್ನಬಹುದಿತ್ತು."

ಬೆಳಿಗ್ಗೆ ಮಳೆ ನಿಂತಿತ್ತು. ಎರಡು ಮರಗಳಿಗೆ ಹಗ್ಗ ಕಟ್ಟಿ ಎಲ್ಲ ಒಣಹಾಕಿದೆವು. ಮುದುಕಪ್ಪ ತನ್ನ ಮೇಜಿನಿಂದಲೇ ಕಾಫಿ ಲೋಟ ಎತ್ತಿ ತೋರಿಸಿದ. ಸಂಜೆಗೆ ಹೊರಡುವುದಿತ್ತು, ಆದರೂ ಮಕ್ಕಳು ಮಧ್ಯಾಹ್ನ ಮಲಗಲು ಡೇರೆ ಬೇಕು ಅಂತ ಹಟ ಹಿಡಿದರು. ಟಾರ್ಪಾಲು ಮಡಚಿ ಹಿಡಿದುಕೊಂಡು ತಿರುಗಿ ನೋಡಿದೆ. ಅತ್ತೆ ಆಗಲೇ ಮೇಜಿನ ಆಚೆ, ಸ್ವಲ್ಪ ಏರಿನ ಜಾಗದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ಅಲ್ಲಿಂದ ಕೆರೆ ಕಾಣುವುದಿಲ್ಲ. ಕಕ್ಕಸು ಕಾಣುತ್ತದೆ.